ಆಪ್ತ ಸಲಹಾ ಕೊಠಡಿಯ ರಿಜಿಸ್ಟರ್: ವಿದ್ಯಾರ್ಥಿ ಕ್ಷೇಮವನ್ನು ಅಳೆಯಲು ಹೊರಟ ಕಥೆ

ನಾನು ಪಾಠ ಮಾಡುವ ಪದವಿ ಕಾಲೇಜಿನಲ್ಲಿ ಒಂದು ಆಪ್ತ ಸಲಹಾ ಕೊಠಡಿ ಇದೆ. ಆಗ ಅದು ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲೇ ಇತ್ತು. ಒಂದು ಮೇಜು, ಎರಡು ಕುರ್ಚಿ, ಮೇಜಿನ ಮೇಲೆ ಉದ್ದನೆಯ ಒಂದು ರಿಜಿಸ್ಟರ್. ಸ್ಕೇಲ್ ಇಟ್ಟು ಗೆರೆ ಎಳೆದು ಆರು ಕಾಲಂ ಮಾಡಿದ್ದೆವು: ಕ್ರಮ ಸಂಖ್ಯೆ, ದಿನಾಂಕ, ಹೆಸರು, ತರಗತಿ, ಸಮಸ್ಯೆ, ಸಹಿ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ಸಂಸ್ಥೆ ನ್ಯಾಕ್‌ನ ತಂಡ ಬಂದಾಗ ಕೌನ್ಸೆಲಿಂಗ್ ನಡೆದಿದೆ ಅನ್ನೋದಕ್ಕೆ ದಾಖಲೆ ಬೇಕಲ್ಲ, ಅದಕ್ಕೆ.

ಎರಡು ವರ್ಷ ಕಳೆದರೂ ಮೊದಲ ಪುಟ ತುಂಬಿರಲಿಲ್ಲ. ಬಂದವರೆಲ್ಲ ಸಮಸ್ಯೆಯ ಕಾಲಂನಲ್ಲಿ ಒಂದೇ ಮಾತು ಬರೆದಿದ್ದರು: ‘ಓದಿನಲ್ಲಿ ಏಕಾಗ್ರತೆ ಇಲ್ಲ.’ ನಮ್ಮ ಮಕ್ಕಳಿಗೆ ಅಷ್ಟೇನೂ ತೊಂದರೆ ಇಲ್ಲ ಅಂತ ಮೀಟಿಂಗ್‌ನಲ್ಲಿ ಮಾತಾಡಿಕೊಂಡೆವು. ಒಂದು ದಿನ ಎರಡನೇ ವರ್ಷದ ಹುಡುಗಿಯೊಬ್ಬಳು ಬಸ್ ಸ್ಟಾಪ್‌ನಲ್ಲಿ ಸಿಕ್ಕಿದಳು. ಕಣ್ಣು ಕೆಂಪಾಗಿತ್ತು. ಕೌನ್ಸೆಲರ್ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳಿದೆ. “ಹೋಗಿದ್ದೆ ಮೇಡಂ. ಬಾಗಿಲ ತನಕ ಹೋಗಿ ವಾಪಸ್ ಬಂದೆ. ಅಲ್ಲಿ ಹೆಸರು ಬರೆದು ಮುಂದೆ ಸಮಸ್ಯೆ ಏನು ಅಂತ ಬರೀಬೇಕಲ್ವಾ? ನನ್ನ ಆಮೇಲೆ ಬರೋರೆಲ್ಲ ಅದನ್ನ ಓದ್ತಾರೆ” ಅಂದಳು.

ಸೇವೆ ನಡೆಯುತ್ತಿದೆ ಎಂದು ತೋರಿಸಲು ಇಟ್ಟ ಪುಸ್ತಕವೇ ಮಕ್ಕಳನ್ನು ಬಾಗಿಲಲ್ಲಿ ತಡೆದಿತ್ತು. ಅಳೆಯುವುದು ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ಹಿನ್ನೆಲೆ ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ಪ್ರಶ್ನೆಗೆ ತೊಂಬತ್ತು ವರ್ಷದ ಹತ್ತಿರ ವಯಸ್ಸಾಗಿದೆ.

ಮೊದಲು ಒಂದು ಮಾತು. ‘ಮೌಲ್ಯಮಾಪನ’ ಅಂದ ಕೂಡಲೇ ನಮಗೆ ಉತ್ತರ ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು ನೆನಪಾಗುತ್ತವೆ. ಇಲ್ಲಿ ಅದು ಬೇರೆ. ಹಾಸ್ಟೆಲ್, ಸ್ಕಾಲರ್‌ಶಿಪ್, ಕೌನ್ಸೆಲಿಂಗ್, ಕ್ರೀಡೆ, ಪ್ಲೇಸ್‌ಮೆಂಟ್, ಕುಂದುಕೊರತೆ ಸಮಿತಿ – ಪಾಠದ ಹೊರಗೆ ವಿದ್ಯಾರ್ಥಿಗೆ ಅಂತ ನಡೆಯುವ ಇವೆಲ್ಲ ವಿದ್ಯಾರ್ಥಿ ಕ್ಷೇಮಪಾಲನೆ. ಇವುಗಳಿಂದ ಮಕ್ಕಳಿಗೆ ನಿಜಕ್ಕೂ ಏನಾದರೂ ಆಯಿತಾ ಎಂದು ನೋಡಿ, ಆಗಿಲ್ಲದಿದ್ದರೆ ಸರಿಮಾಡುವುದು. ನಾನು ಹೇಳುತ್ತಿರುವುದು ಆ ಕೆಲಸದ ಬಗ್ಗೆ.

ಈ ಕೆಲಸಕ್ಕೆ ಒಂದು ರೂಪ ಬಂದದ್ದು ಅಮೆರಿಕದಲ್ಲಿ. ಅಲ್ಲಿ ವಿಶ್ವವಿದ್ಯಾಲಯಗಳು ಬೆಳೆದಂತೆ ಪ್ರೊಫೆಸರ್‌ಗಳು ಸಂಶೋಧನೆಯಲ್ಲಿ ಮುಳುಗಿದರು. ಹುಡುಗರ ಊಟ, ವಸತಿ, ಆರೋಗ್ಯ, ಕೆಲಸ ನೋಡಿಕೊಳ್ಳಲು ಬೇರೆ ಸಿಬ್ಬಂದಿ ಬಂದರು. 1937ರ ಏಪ್ರಿಲ್‌ನಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ವಾಷಿಂಗ್ಟನ್‌ನಲ್ಲಿ ಒಂದು ಸಭೆ ಕರೆಯಿತು. ಅಲ್ಲಿಂದ ಒಂದು ಚಿಕ್ಕ ವರದಿ ಹೊರಬಂತು. ವಿದ್ಯಾರ್ಥಿ ಅಂದರೆ ಬರೀ ತಲೆ ಅಲ್ಲ, ಅವನ ಮೈ, ಮನಸ್ಸು, ಮನೆ, ಜೇಬು ಎಲ್ಲವನ್ನೂ ಸೇರಿಸಿ ನೋಡಬೇಕು ಎಂಬುದು ಅದರ ಸಾರ. ಕಾಲೇಜು ಏನೇನು ಸೇವೆ ಕೊಡಬೇಕು ಎಂಬ ಉದ್ದದ ಪಟ್ಟಿಯೂ ಅದರಲ್ಲಿತ್ತು. ಈ ಸೇವೆಗಳು ಹೇಗೆ ನಡೆಯುತ್ತಿವೆ ಎಂದು ಅಧ್ಯಯನ ಮಾಡಿ ಸುಧಾರಿಸುವುದೂ ಆ ಪಟ್ಟಿಯಲ್ಲೇ ಒಂದು ಕೆಲಸವಾಗಿತ್ತು. ಆ ಸಾಲು ಬಹುಕಾಲ ಹೆಚ್ಚಾಗಿ ಕಾಗದದ ಮೇಲೇ ಉಳಿಯಿತು.

1966ರಲ್ಲಿ ಅಲೆಕ್ಸಾಂಡರ್ ಆಸ್ಟಿನ್ ಎಂಬ ವಿದ್ವಾಂಸರು ಅಮೆರಿಕದ ಉದ್ದಗಲಕ್ಕೂ ಕಾಲೇಜಿಗೆ ಹೊಸದಾಗಿ ಸೇರಿದವರ ಸರ್ವೆ ಶುರು ಮಾಡಿದರು. ಅವರ ಯೋಚನೆ ಸರಳ. ಮಗು ಬರುವಾಗ ಹೇಗಿತ್ತು, ಇಲ್ಲಿ ಏನು ಸಿಕ್ಕಿತು, ಹೋಗುವಾಗ ಹೇಗಿದೆ – ಮೂರನ್ನೂ ನೋಡಬೇಕು. ಬರೀ ಕೊನೆಯದನ್ನು ನೋಡಿದರೆ ಮೋಸ ಹೋಗುತ್ತೇವೆ. ಶೇ 95 ತೆಗೆದವರನ್ನೇ ಆರಿಸಿ ಸೇರಿಸಿಕೊಂಡ ಕಾಲೇಜಿಗೆ ರ‍್ಯಾಂಕ್ ಬಂದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು? ಕನ್ನಡ ಮಾಧ್ಯಮದಲ್ಲಿ ಓದಿ, ಶೇ 50 ತೆಗೆದು, ಇಂಗ್ಲಿಷ್ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗ ಮೂರನೇ ವರ್ಷದಲ್ಲಿ ವೇದಿಕೆ ಹತ್ತಿ ಮಾತಾಡಿದರೆ ಅದು ಯಾವ ರ‍್ಯಾಂಕ್ ಪಟ್ಟಿಯಲ್ಲಿ ಕಾಣುತ್ತದೆ? ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಉಪಯೋಗಕ್ಕೆ ಬಂದ ವಿಚಾರ ಇದೇ.

ಮುಂದಿನದು ಬೇಗ ಬೇಗ ನಡೆಯಿತು. 1979ರಲ್ಲಿ ಇಂಥ ಸೇವೆಗಳಿಗೆ ಮಾನದಂಡ ಬರೆಯುವ ಮಂಡಳಿ ಹುಟ್ಟಿತು. ದುಡ್ಡು ಬಿಗಿಯಾದಾಗ ‘ನಿಮ್ಮ ವಿಭಾಗದಿಂದ ಏನು ಪ್ರಯೋಜನ?’ ಎಂಬ ಪ್ರಶ್ನೆ ಎದ್ದಿತು. 1996ರಲ್ಲಿ ಲೀ ಅಪ್‌ಕ್ರಾಫ್ಟ್ ಮತ್ತು ಜಾನ್ ಶೂ ಕ್ಷೇಮಪಾಲನಾ ಸಿಬ್ಬಂದಿಗೆಂದೇ ಅಳೆಯುವ ವಿಧಾನಗಳ ಕೈಪಿಡಿ ತಂದರು. 2000ದಿಂದ ಇಂಡಿಯಾನಾ ವಿಶ್ವವಿದ್ಯಾಲಯದ ಕಡೆಯಿಂದ, ವಿದ್ಯಾರ್ಥಿಗಳು ಕಾಲೇಜಿನಲ್ಲಿ ಎಷ್ಟು ತೊಡಗಿಕೊಂಡಿದ್ದಾರೆ ಎಂದು ಕೇಳುವ ರಾಷ್ಟ್ರೀಯ ಸರ್ವೆ ನಡೆಯತೊಡಗಿತು.

ಇವುಗಳ ನಡುವೆ ಒಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ಹುಡುಗರ ಕುಡಿತ ದೊಡ್ಡ ತಲೆನೋವಾಗಿತ್ತು. ಆರೋಗ್ಯ ವಿಭಾಗದವರು ಎಲ್ಲರಂತೆ ಹೆದರಿಸುವ ಪ್ರಚಾರ ಮಾಡಿದರು. ಕುಡಿತ ಇಳಿಯಲಿಲ್ಲ. ಅಲ್ಲಿಗೆ ನಿಲ್ಲಿಸದೆ ಅವರು ಸರ್ವೆಯ ಇನ್ನೊಂದು ಪ್ರಶ್ನೆಯನ್ನು ನೋಡಿದರು: ನಿಮ್ಮ ಜೊತೆಯವರು ಎಷ್ಟು ಕುಡಿಯುತ್ತಾರೆ ಅಂತ ನಿಮಗನ್ನಿಸುತ್ತದೆ? ನಿಜವಾಗಿ ಕುಡಿಯುವುದಕ್ಕಿಂತ ಎಷ್ಟೋ ಜಾಸ್ತಿ ಅಂತ ಹುಡುಗರು ಅಂದುಕೊಂಡಿದ್ದರು. ಎಲ್ಲರೂ ಕುಡೀತಾರೆ, ನಾನೊಬ್ಬನೇ ಹಿಂದೆ ಬಿದ್ದಿದ್ದೇನೆ ಎಂಬ ಭ್ರಮೆ. ನ್ಯೂಯಾರ್ಕ್ ರಾಜ್ಯದ ಒಂದು ಚಿಕ್ಕ ಕಾಲೇಜಿನಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಸ್ 1986ರಲ್ಲೇ ಈ ಭ್ರಮೆಯನ್ನು ಗುರುತಿಸಿದ್ದರು. ಇಲಿನಾಯ್‌ನಲ್ಲಿ ಮೈಕಲ್ ಹೈನ್ಸ್ ಮತ್ತು ಅವರ ಜೊತೆಯವರು ಪ್ರಚಾರವನ್ನೇ ಬದಲಿಸಿದರು. ಪಾರ್ಟಿಯಲ್ಲಿ ಹೆಚ್ಚಿನವರು 5 ಅಥವಾ ಅದಕ್ಕೂ ಕಡಿಮೆ ಲೋಟಕ್ಕೆ ನಿಲ್ಲಿಸುತ್ತಾರೆ ಎಂಬ ನಿಜ ಸಂಗತಿಯನ್ನು ಕ್ಯಾಂಪಸ್ ಪತ್ರಿಕೆಯಲ್ಲಿ ಮತ್ತೆ ಮತ್ತೆ ಹಾಕಿಸಿದರು. ವರ್ಷ ಕಳೆದಂತೆ ಅತಿ ಕುಡಿತ ಸ್ಪಷ್ಟವಾಗಿ ಇಳಿಯಿತು.

ಈ ವಿಧಾನ ದೇಶವೆಲ್ಲ ಹರಡಿತು. ಆಮೇಲೆ 2003ರಲ್ಲಿ ಹಾರ್ವರ್ಡ್‌ನ ಹೆನ್ರಿ ವೆಕ್ಸ್ಲರ್ ತಂಡ ಹಲವು ಕಾಲೇಜುಗಳನ್ನು ಹೋಲಿಸಿ ನೋಡಿತು. ಇಂಥ ಪ್ರಚಾರ ನಡೆಸಿದ ಕಡೆಗಳಲ್ಲಿ ಕುಡಿತ ಇಳಿದಿಲ್ಲ ಎಂದು ಹೇಳಿತು. ಒಂದು ಊರಿನಲ್ಲಿ ಹತ್ತಿದ ಔಷಧ ಎಲ್ಲ ಊರಿಗೂ ಹತ್ತಲಿಲ್ಲ. ನನಗೆ ಈ ಎರಡನೇ ಭಾಗ ಮೊದಲನೆಯದಕ್ಕಿಂತ ಮುಖ್ಯ. ಗೆದ್ದ ಕಾರ್ಯಕ್ರಮವನ್ನೂ ಮತ್ತೆ ಪರೀಕ್ಷಿಸುವ ಧೈರ್ಯ ಅಲ್ಲಿತ್ತು.

ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ವಿದ್ಯಾರ್ಥಿ ಕ್ಷೇಮ ಅನ್ನೋದು ಮೊದಲು ಕಾಲೇಜಿನ ಕೆಲಸವೇ ಆಗಿರಲಿಲ್ಲ. ವಾರಾನ್ನದ ಮನೆಗಳು ಅದನ್ನು ನೋಡಿಕೊಂಡವು. ದಿನಕ್ಕೊಂದು ಮನೆಯಲ್ಲಿ ಊಟ. ಹುಡುಗ ಸೋಮವಾರ ಸರಿಯಾಗಿ ಉಣ್ಣದಿದ್ದರೆ ಆ ಮನೆಯ ತಾಯಿಗೆ ಗೊತ್ತಾಗುತ್ತಿತ್ತು, ಏನಾಯ್ತಪ್ಪಾ ಅಂತ ಕೇಳುತ್ತಿದ್ದಳು. ಆದರೆ ಆ ಮನೆಗಳ ಬಾಗಿಲು ಹೆಚ್ಚಾಗಿ ಸ್ವಂತ ಜಾತಿಯ ಹುಡುಗರಿಗೆ ಮಾತ್ರ ತೆರೆಯುತ್ತಿತ್ತು ಎಂಬುದನ್ನು ಮರೆಯಬಾರದು. ಉಳಿದವರ ಕೈ ಹಿಡಿದದ್ದು ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯಗಳು, ಆಮೇಲೆ ಸರ್ಕಾರಿ ಹಾಸ್ಟೆಲ್‌ಗಳು.

ಸ್ವಾತಂತ್ರ್ಯದ ನಂತರ ಇದನ್ನು ಗಟ್ಟಿಯಾಗಿ ಹೇಳಿದ್ದು ಡಿ.ಎಸ್. ಕೊಠಾರಿ ಅವರ ಶಿಕ್ಷಣ ಆಯೋಗ. 1966ರಲ್ಲಿ, ಅಂದರೆ ಆಸ್ಟಿನ್ ಸರ್ವೆ ಶುರುವಾದ ವರ್ಷವೇ, ಅದು ವರದಿ ಕೊಟ್ಟಿತು. ವಿದ್ಯಾರ್ಥಿ ಸೇವೆಗಳು ಬರೀ ಕಲ್ಯಾಣ ಕಾರ್ಯ ಅಲ್ಲ, ಶಿಕ್ಷಣದ್ದೇ ಭಾಗ ಎಂದಿತು. ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿಯ ವಿದ್ಯಾರ್ಥಿ ಕ್ಷೇಮಪಾಲನಾ ಡೀನ್ ಬೇಕು, 1,000 ವಿದ್ಯಾರ್ಥಿಗಳಿಗೆ ಒಬ್ಬ ಕೌನ್ಸೆಲರ್ ಆದರೂ ಇರಬೇಕು ಎಂದಿತು. ಇವತ್ತಿಗೂ ನಮ್ಮ ಎಷ್ಟೋ ಪದವಿ ಕಾಲೇಜುಗಳಲ್ಲಿ ಕೌನ್ಸೆಲರ್ ಅಂದರೆ ಹೆಚ್ಚುವರಿ ಹೊಣೆ ಹೊತ್ತ ಒಬ್ಬ ಮೇಷ್ಟರು.

ಅಳೆಯುವ ಕೆಲಸ ಶುರುವಾದದ್ದು ನ್ಯಾಕ್ ಬಂದ ಮೇಲೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1994ರಲ್ಲಿ ಇದನ್ನು ಸ್ಥಾಪಿಸಿತು. ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಸ್ಟಾಫ್ ರೂಮಿನಲ್ಲಿ ಅದಕ್ಕೆ ‘ಕ್ರೈಟೀರಿಯಾ ಫೈವ್’ ಅಂತಲೇ ಹೆಸರು. ಇದರಿಂದ ಒಳ್ಳೆಯದಾಗಿದೆ, ಅದನ್ನು ಮನಸಾರೆ ಹೇಳುತ್ತೇನೆ. ಮೊದಲು ಇಲ್ಲದ ಕುಂದುಕೊರತೆ ಸಮಿತಿಗಳು, ಮೆಂಟರ್ ವ್ಯವಸ್ಥೆ, ಪ್ಲೇಸ್‌ಮೆಂಟ್ ಸೆಲ್‌ಗಳು ಹಳ್ಳಿಯ ಕಾಲೇಜಿಗೂ ಬಂದವು.

2017ರಲ್ಲಿ ನ್ಯಾಕ್ ಪದ್ಧತಿ ಬದಲಾಯಿತು. ಅಂಕಿ ಅಂಶಗಳಿಗೆ ತೂಕ ಜಾಸ್ತಿ ಆಯಿತು. ಎಷ್ಟು ಜನಕ್ಕೆ ಸ್ಕಾಲರ್‌ಶಿಪ್ ಸಿಕ್ಕಿತು, ಎಷ್ಟು ಜನ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಬಂದರು, ಯೋಗ, ಜೀವನ ಕೌಶಲದ ಕಾರ್ಯಕ್ರಮ ನಡೆಯಿತಾ. ಸಾಕ್ಷಿಗೆ ಸುತ್ತೋಲೆ, ಹಾಜರಿ ಪಟ್ಟಿ, ತೆಗೆದ ಜಾಗ ದಾಖಲಾಗಿರುವ ಜಿಯೋಟ್ಯಾಗ್ ಫೋಟೋ. ಬಂದವರು ಎಷ್ಟು ಎಂಬುದಕ್ಕೆ ಜಾಗ ಇದೆ. ಬಂದು ಹೋದ ಮೇಲೆ ಅವರಿಗೆ ಏನಾಯಿತು ಎಂಬುದಕ್ಕೆ ಅಷ್ಟು ಜಾಗ ಇಲ್ಲ. ಅದೇ ಪದ್ಧತಿಯಲ್ಲಿ ವಿದ್ಯಾರ್ಥಿಗಳನ್ನು ನೇರವಾಗಿ ಕೇಳುವ ಆನ್‌ಲೈನ್ ಸರ್ವೆಯೂ ಬಂತು. ಒಳ್ಳೆಯ ಹೆಜ್ಜೆ. ಆದರೆ ಅದರ 21 ಪ್ರಶ್ನೆಗಳಲ್ಲಿ ಹೆಚ್ಚಿನವು ಸಿಲಬಸ್ ಮುಗಿಯಿತಾ, ಮೇಷ್ಟರು ತಯಾರಿ ಮಾಡಿಕೊಂಡು ಬರುತ್ತಾರಾ ಎಂಬಂಥವು. ಹಾಸ್ಟೆಲ್ ಊಟದ ಬಗ್ಗೆ, ರಾತ್ರಿ ನಿದ್ದೆ ಬರುತ್ತದಾ ಎಂಬ ಬಗ್ಗೆ ಅಲ್ಲಿ ಪ್ರಶ್ನೆ ಇಲ್ಲ.

ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮ್ಮದೇ ಇನ್ನೊಂದು ನಿಯಮದಲ್ಲಿ ಅಡಗಿದೆ. ಸುಪ್ರೀಂ ಕೋರ್ಟ್ ಸೂಚನೆಯ ಮೇಲೆ ರಚನೆಯಾದ ಆರ್.ಕೆ. ರಾಘವನ್ ಸಮಿತಿ ರ‍್ಯಾಗಿಂಗ್ ಬಗ್ಗೆ 2007ರಲ್ಲಿ ವರದಿ ಕೊಟ್ಟಿತು. 2009ರ ಮಾರ್ಚ್‌ನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಚ್ರು ಎಂಬ ವಿದ್ಯಾರ್ಥಿ ರ‍್ಯಾಗಿಂಗ್‌ಗೆ ಬಲಿಯಾದ. ಆ ವರ್ಷವೇ ಯುಜಿಸಿ ನಿಯಮ ತಂದಿತು. ಅದರಲ್ಲಿ ಒಂದು ಸಾಲು ಹೀಗಿದೆ: ಶೈಕ್ಷಣಿಕ ವರ್ಷದ ಮೊದಲ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ, ಹೊಸ ವಿದ್ಯಾರ್ಥಿಗಳಲ್ಲಿ ಹೆಸರು ಕೇಳದೆ ಸರ್ವೆ ಮಾಡಬೇಕು. ವಿಧಾನವನ್ನು ಕಾಲೇಜೇ ರೂಪಿಸಿಕೊಳ್ಳಬಹುದು. ಹೆಸರು ಬೇಡ, ಸಹಿ ಬೇಡ, ವರ್ಷದ ಕೊನೆಯ ತನಕ ಕಾಯಬೇಕಿಲ್ಲ. ತೊಂದರೆ ಇನ್ನೂ ಸಣ್ಣದಿರುವಾಗಲೇ ಕಿವಿಗೆ ಬೀಳುತ್ತದೆ. ರ‍್ಯಾಗಿಂಗ್ ವಿರೋಧಿ ಅಫಿಡವಿಟ್ ಎಲ್ಲರಿಗೂ ಗೊತ್ತು. ಈ ಸಾಲನ್ನು ನಾನು ಕೇಳಿದ ಸಹೋದ್ಯೋಗಿಗಳಲ್ಲಿ ಯಾರೂ ಓದಿರಲಿಲ್ಲ. ನಾನೂ ತಡವಾಗಿಯೇ ಓದಿದೆ.

ಈಗ ಇದು ಇನ್ನೂ ತುರ್ತಿನ ವಿಷಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅರ್ಹ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಎಂದಿತು. ಕೊಠಾರಿಯವರ ಮಾತು ಕೋರ್ಟಿನ ಬಾಯಲ್ಲಿ ಮತ್ತೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತು. ಇನ್ನು ಕೌನ್ಸೆಲರ್ ನೇಮಕದ ಆದೇಶದ ಪ್ರತಿ ಫೈಲಿಗೆ ಸೇರಿಬಿಟ್ಟರೆ ಸಾಕು ಅಂತ ಆಗಬಾರದು ಎಂಬುದೇ ನನ್ನ ಆತಂಕ.

ನಮ್ಮ ಕಾಲೇಜಿನಲ್ಲಿ ಆ ರಿಜಿಸ್ಟರ್ ಈಗ ಇಲ್ಲ. ಕೊಠಡಿಯನ್ನು ಲೈಬ್ರರಿಯ ಹಿಂದಕ್ಕೆ ಸಾಗಿಸಿದೆವು. ಲೈಬ್ರರಿಗೆ ಹೋದವರು ಯಾಕೆ ಹೋದರು ಅಂತ ಯಾರೂ ಕೇಳುವುದಿಲ್ಲ. ಯಾರಾದರೂ ಬಂದು ಹೋದರೆ ಕೌನ್ಸೆಲರ್ ಒಂದು ಗೆರೆ ಹಾಕುತ್ತಾರೆ, ಅಷ್ಟೇ. ಒಂದೇ ಸೆಮಿಸ್ಟರ್‌ನಲ್ಲಿ ಗೆರೆಗಳಿಂದ ಒಂದು ಪುಟ ತುಂಬಿತು. ಬಂದವರಿಗೆ ಅನುಕೂಲ ಆಯಿತಾ ಎಂಬುದನ್ನು ಗೆರೆ ಹೇಳುವುದಿಲ್ಲ. ಹಾಗಾಗಿ ಮೂರನೇ ಸಲ ಬಂದವರನ್ನು ಅವರು ಒಂದು ಪ್ರಶ್ನೆ ಕೇಳುತ್ತಾರೆ: ಮೊದಲ ದಿನಕ್ಕಿಂತ ಈಗ ಹೇಗಿದೆ? ಏನೂ ಬದಲಾಗಿಲ್ಲ ಅಂದವರನ್ನು ಅವರ ಒಪ್ಪಿಗೆ ಪಡೆದು ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಾರೆ.

ಹದಿನೈದು ದಿನಕ್ಕೊಮ್ಮೆಯ ಸರ್ವೆಯನ್ನೂ ಶುರು ಮಾಡಿದ್ದೇವೆ. ಮೊದಲ ವರ್ಷದವರಿಗೆ ಖಾಲಿ ಚೀಟಿ ಕೊಡುತ್ತೇವೆ. ಇಲ್ಲಿ ನಿಮಗೆ ಏನು ಕಷ್ಟ ಆಗ್ತಿದೆ, ಅಷ್ಟೇ ಪ್ರಶ್ನೆ. ಹೋದ ಸಲ ಒಂದೇ ಮಾತು ಬೇರೆ ಬೇರೆ ಅಕ್ಷರದಲ್ಲಿ ಏಳು ಚೀಟಿಗಳಲ್ಲಿತ್ತು: ಎರಡನೇ ಮಹಡಿಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಅದಕ್ಕೆ ಬೆಳಗ್ಗೆಯಿಂದ ನೀರು ಕುಡಿಯೋದಿಲ್ಲ. ಸೋಮವಾರ ಚೀಟಿ ಓದಿದೆವು. ಬುಧವಾರ ಬಡಗಿ ಬಂದು ಹೊಸ ಚಿಲಕ ಹಾಕಿ ಹೋದ.