ತಾಯಿ ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು?

ಹೋದ ತಿಂಗಳು ಒಬ್ಬ ಅಜ್ಜಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಪಿಡಿಗೆ ಬಂದರು. ಮಗುವಿಗೆ 8 ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಬಾಣಂತನ ಎಂದೋ ಮುಗಿದಿದ್ದರೂ ಮಗಳು ತವರಲ್ಲೇ ಉಳಿದಿದ್ದಳು. ಈಗ ಅಳಿಯ ಪುಣೆಯಲ್ಲಿ ಮನೆ ಮಾಡಿದ್ದಾನೆ, ಭಾನುವಾರ ರೈಲು. "ಆ ದಡಾರದ ಸೂಜಿ ಒಂದನ್ನ ಇವತ್ತೇ ಚುಚ್ಚಿಬಿಡಿ ಡಾಕ್ಟ್ರೇ. ಅಲ್ಲಿ ಇವಳೊಬ್ಬಳ ಕೈಲಿ ಆಗಲ್ಲ. ಒಂದು ತಿಂಗಳು ಹಿಂದೆ ಮುಂದೆ ಆದ್ರೆ ಏನು ಮಹಾ?"

ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಲಸಿಕೆಯ ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಹುಟ್ಟಿದಾಗ ಕ್ಷಯದ ವಿರುದ್ಧ ಬಿಸಿಜಿ, 6, 10, 14 ವಾರಕ್ಕೆ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಸೂಜಿ), 9 ತಿಂಗಳಿಗೆ ದಡಾರ-ರುಬೆಲ್ಲಾ. ಒಂಬತ್ತೇ ಯಾಕೆ, ಎಂಟು ಯಾಕಾಗಬಾರದು ಎಂದು ನನ್ನನ್ನು ಕೇಳಿದ ವಿದ್ಯಾರ್ಥಿಗಳು ಕಡಿಮೆ. ಅಜ್ಜಿ ಕೇಳಿದರು. ಇದಕ್ಕೆ ಉತ್ತರ ಇರುವುದು ಮಗುವಿನ ತಾಯಿಯ ರಕ್ತದಲ್ಲಿ.

ನಮ್ಮ ಮೈಗೆ ಒಂದು ರೋಗ ಬಂದು ಹೋದರೆ, ಇಲ್ಲವೇ ಅದರ ಲಸಿಕೆ ಬಿದ್ದರೆ, ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ. ಇವುಗಳಲ್ಲಿ ಹಲವು ಬಗೆ. ಐಜಿಜಿ ಎಂಬ ಒಂದು ಬಗೆಯನ್ನು ಮಾತ್ರ ಗರ್ಭಿಣಿಯ ಮಾಸು (ಪ್ಲಾಸೆಂಟಾ) ತಾಯಿಯ ರಕ್ತದಿಂದ ಹೆಕ್ಕಿ ಮಗುವಿನ ಕಡೆಗೆ ದಾಟಿಸುತ್ತದೆ. ಈ ಕೆಲಸ ಬಹುಪಾಲು ನಡೆಯುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ಪ್ರಮಾಣ ತಾಯಿಯದಕ್ಕೆ ಸಮ, ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಮಗಳನ್ನು ದೂರದೂರಿಗೆ ಕಳಿಸುವಾಗ ಕೈಗೆ ಬುತ್ತಿ ಕೊಟ್ಟ ಹಾಗೆ. ಆದರೆ ಬುತ್ತಿಗೆ ಎರಡು ಮಿತಿ ಇವೆ. ಮನೆಯಲ್ಲಿ ಇಲ್ಲದ್ದನ್ನು ತಾಯಿ ಕಟ್ಟಿಕೊಡಲಾರಳು. ಕಟ್ಟಿಕೊಟ್ಟದ್ದು ದಾರಿಯಲ್ಲಿ ಖರ್ಚಾಗುತ್ತಲೇ ಹೋಗುತ್ತದೆ.

ದಡಾರದ ಲಸಿಕೆಯಲ್ಲಿರುವುದು ಜೀವಂತ, ಆದರೆ ಶಕ್ತಿಗುಂದಿಸಿದ ವೈರಸ್. ಅದು ಮಗುವಿನ ಮೈಯಲ್ಲಿ ಸ್ವಲ್ಪ ಬೆಳೆದರಷ್ಟೇ ಮಗು ತನ್ನದೇ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ತಾಯಿಯ ಬುತ್ತಿ ಇನ್ನೂ ಉಳಿದಿದ್ದರೆ ಆ ವೈರಸ್ಸನ್ನು ಬೆಳೆಯಲು ಬಿಡುವುದಿಲ್ಲ. ಸೂಜಿಯ ನೋವು ಆಯಿತು, ಕಾರ್ಡಿನಲ್ಲಿ ಗುರುತೂ ಬಿತ್ತು, ಮಗು ಕಲಿತದ್ದು ಏನೂ ಇಲ್ಲ. ಹಾಗೆಂದು ಕಾಯುತ್ತಲೇ ಕೂತರೆ ಬುತ್ತಿ ಮುಗಿದ ಮಗುವಿಗೆ ನಿಜವಾದ ದಡಾರ ತಗಲುತ್ತದೆ. ಈ ಎರಡರ ನಡುವೆ ಗೆರೆ ಎಳೆಯಲು 1970ರ ದಶಕದಲ್ಲಿ ಕೀನ್ಯಾದಲ್ಲಿ ನಡೆದ ಅಧ್ಯಯನಗಳು ನೆರವಾದವು. 9 ತಿಂಗಳಿಗೆ ಹಾಕಿದರೆ ಸುಮಾರು 85% ಮಕ್ಕಳಲ್ಲಿ ಲಸಿಕೆ ಹಿಡಿಯುತ್ತದೆ, 12 ತಿಂಗಳಿಗೆ ಹಾಕಿದರೆ ಸುಮಾರು 95%. ಲೆಕ್ಕದ ಪ್ರಕಾರ ಹನ್ನೆರಡೇ ಸರಿ. ಆದರೆ ದಡಾರ ಮನೆಮನೆಗೆ ನುಗ್ಗುವ ಊರುಗಳಲ್ಲಿ ಆ ಮೂರು ತಿಂಗಳಲ್ಲೇ ಮಕ್ಕಳು ಸಾಯುತ್ತಿದ್ದವು. ಆದ್ದರಿಂದ ಬಡ ದೇಶಗಳಿಗೆ ಒಂಬತ್ತು. ತಪ್ಪಿಹೋದ ಆ 15% ಮಕ್ಕಳನ್ನು ಹಿಡಿಯಲೆಂದೇ ನಮ್ಮಲ್ಲಿ 16ರಿಂದ 24 ತಿಂಗಳೊಳಗೆ ಎರಡನೇ ಡೋಸ್ ಇದೆ. ಅದನ್ನು ಬೂಸ್ಟರ್ ಎಂದು ಕರೆದು ಹಗುರ ಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಮಕ್ಕಳಿಗೆ ನಿಜವಾಗಿ ಹಿಡಿಯುವ ಮೊದಲ ಡೋಸೇ ಅದು.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯವಾಗಿದೆ. 1963ರಲ್ಲಿ ಲಸಿಕೆ ಬಂದಾಗ ಅಲ್ಲಿಯೂ 9 ತಿಂಗಳಿಗೇ ಹಾಕುತ್ತಿದ್ದರು. 1965ರಲ್ಲಿ 12 ತಿಂಗಳಿಗೆ ಏರಿಸಿದರು, 1976ರಲ್ಲಿ 15ಕ್ಕೆ. ತೊಂಬತ್ತರ ದಶಕದಲ್ಲಿ ಮತ್ತೆ 12ಕ್ಕೆ ಇಳಿಸಲು ಅವಕಾಶ ಮಾಡಿದರು. ಲಸಿಕೆ ಹಾಕಿಸಿಕೊಂಡು ಬೆಳೆದ ಹುಡುಗಿಯರು ಅಷ್ಟರಲ್ಲಿ ತಾಯಂದಿರಾಗಿದ್ದರು. ದಡಾರ ಬಂದು ವಾಸಿಯಾದ ತಾಯಿ ಕಟ್ಟುವ ಬುತ್ತಿ ದೊಡ್ಡದು. ಲಸಿಕೆಯಿಂದ ರಕ್ಷಣೆ ಪಡೆದ ತಾಯಿಯದು ಚಿಕ್ಕದು. 2010ರಲ್ಲಿ ಪ್ರಕಟವಾದ ಬೆಲ್ಜಿಯಂನ ಒಂದು ಅಧ್ಯಯನದಲ್ಲಿ ರೋಗ ಬಂದಿದ್ದ ತಾಯಂದಿರ ಮಕ್ಕಳಲ್ಲಿ ದಡಾರದ ಪ್ರತಿಕಾಯ ಸರಾಸರಿ ನಾಲ್ಕು ತಿಂಗಳ ಹತ್ತಿರ ಉಳಿದರೆ, ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ ಒಂದು ತಿಂಗಳಷ್ಟೇ ಉಳಿದಿತ್ತು. "ನಮ್ಮ ಕಾಲದಲ್ಲಿ ರೋಗ ಬಂದು ಹೋದ್ರೆ ಗಟ್ಟಿಯಾಗ್ತಿದ್ರು" ಎಂಬ ಹಿರಿಯರ ಮಾತಿನಲ್ಲಿ ಅಷ್ಟರಮಟ್ಟಿಗೆ ನಿಜ ಇದೆ. ಆ ರೋಗದಲ್ಲೇ ತೀರಿಹೋದ ಮಕ್ಕಳ, ಕಣ್ಣು ಕಳೆದುಕೊಂಡ ಮಕ್ಕಳ ಸುದ್ದಿ ಆ ಮಾತಿನಲ್ಲಿ ಬರುವುದಿಲ್ಲ ಎನ್ನುವುದೂ ನಿಜ.

ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. "ಈಗ ಹಾಕಿದ್ರೆ ತಾಯಿಯ ಶಕ್ತಿ ಅದನ್ನ ನುಂಗಿಬಿಡಬಹುದು ಅಮ್ಮಾ, ಪುಣೆಯಲ್ಲೂ ಇದೇ ಕಾರ್ಡ್ ನಡೆಯುತ್ತೆ, ಇದೇ ಲಸಿಕೆ ಸಿಗುತ್ತೆ" ಎಂದೆ. ಊರಲ್ಲಿ ದಡಾರ ಎದ್ದಿದ್ದರೆ ನಾನೇ ಹಾಕುತ್ತಿದ್ದೆ. ಅಂಥ ಸಂದರ್ಭದಲ್ಲಿ 6 ತಿಂಗಳಿಂದಲೇ ಹಾಕಬಹುದು. ಆದರೆ ಅದನ್ನು ಸೊನ್ನೆ ಡೋಸ್ ಎಂದು ಬರೆಯುತ್ತೇವೆ. ಮುಂದಿನ ಎರಡೂ ಹಾಕಿಸಲೇಬೇಕು.

ಇದು ಬುತ್ತಿ ಅಡ್ಡ ಬರುವ ಕಥೆ. ಬುತ್ತಿ ಒಂದೇ ಗತಿ ಎನ್ನುವ ಕಥೆ ಧನುರ್ವಾಯುವಿನದು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೌಸ್‌ಸರ್ಜನ್ ಆಗಿದ್ದಾಗ ಮಕ್ಕಳ ವಾರ್ಡಿನ ಮೂಲೆಯಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಕಿಟಕಿಗೆ ಕಪ್ಪು ಬಟ್ಟೆ. ಒಳಗೆ ಕಾಲ ಬೆರಳ ಮೇಲೆ ನಡೆಯಬೇಕು. ಹುಟ್ಟಿ ವಾರವಾಗಿದ್ದ ಕೂಸುಗಳು ಅಲ್ಲಿ ಇರುತ್ತಿದ್ದವು. ಮೊದಲ ಮೂರು ನಾಲ್ಕು ದಿನ ಚೆನ್ನಾಗಿ ಹಾಲು ಕುಡಿದ ಮಗು ಇದ್ದಕ್ಕಿದ್ದಂತೆ ಮೊಲೆ ಹಿಡಿಯುವುದನ್ನು ಬಿಡುತ್ತದೆ, ದವಡೆ ಬಿಗಿಯುತ್ತದೆ. ಆಮೇಲೆ ಬಾಗಿಲು ಕಿರುಗುಟ್ಟಿದರೂ ಸಾಕು, ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಬಹಳಷ್ಟು ಕೂಸುಗಳು ಆ ಕೋಣೆಯಿಂದ ಮನೆಗೆ ಹೋಗಲಿಲ್ಲ. ಮನೆಯಲ್ಲಿದ್ದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದದ್ದು, ಮೇಲೆ ಬೂದಿಯನ್ನೋ ಸಗಣಿಯನ್ನೋ ಮೆತ್ತಿದ್ದು ವಿಚಾರಿಸಿದಾಗ ಗೊತ್ತಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಜಗತ್ತಿನಲ್ಲಿ 7,87,000 ನವಜಾತ ಶಿಶುಗಳು ಈ ರೋಗದಿಂದ ಸತ್ತವು.

ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದರ ಬೀಜಾಣು ಮಣ್ಣಿನಲ್ಲಿದೆ, ಇದ್ದೇ ಇರುತ್ತದೆ. ಆದ್ದರಿಂದ ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದವರಿಗೆ ಅದರ ನೆರಳು ಸಿಗದು. ಏಳನೇ ದಿನಕ್ಕೆ ಬರುವ ರೋಗಕ್ಕೆ ಮಗುವಿಗೇ ಲಸಿಕೆ ಹಾಕಿ ಕಾಯಲೂ ಸಮಯವಿಲ್ಲ. ತಾಯಿಗೆ ಹಾಕಬೇಕು. ಇದು ಕೆಲಸ ಮಾಡುತ್ತದೆ ಎಂದು ನ್ಯೂಗಿನಿಯಿಂದ 1961ರಲ್ಲಿ ವರದಿ ಬಂತು. 1966ರಲ್ಲಿ ಕೊಲಂಬಿಯಾದ ಗ್ರಾಮೀಣ ಪ್ರದೇಶದ ಪ್ರಯೋಗ ಅದನ್ನು ಗಟ್ಟಿಮಾಡಿತು. ಒಂದು ಗುಂಪಿನ ಹೆಂಗಸರಿಗೆ ಧನುರ್ವಾಯು ಲಸಿಕೆ, ಹೋಲಿಕೆಗೆ ಇನ್ನೊಂದು ಗುಂಪಿಗೆ ಫ್ಲೂ ಲಸಿಕೆ. ಎರಡು ಅಥವಾ ಮೂರು ಡೋಸ್ ಪಡೆದವರ ಮಕ್ಕಳಲ್ಲಿ ಧನುರ್ವಾಯುವಿನ ಸಾವು ಒಂದೂ ಇಲ್ಲ. ಒಂದೇ ಡೋಸಿಗೆ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಚೊಚ್ಚಲ ಬಸುರಿಗೆ ಇಂದಿಗೂ ನಾಲ್ಕು ವಾರದ ಅಂತರದಲ್ಲಿ ಎರಡು ಟಿಡಿ (ಧನುರ್ವಾಯುವಿನ ಅಂಶವಿರುವ ಲಸಿಕೆ) ಹಾಕುವುದರ ಹಿಂದೆ ಇಂಥ ಅಧ್ಯಯನಗಳಿವೆ. ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದು ಸಾಕು.

2015ರಲ್ಲಿ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ. ಯಶಸ್ಸನ್ನೆಲ್ಲ ಲಸಿಕೆಯ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ಹೆರಿಗೆ ಆಸ್ಪತ್ರೆಗೆ ಬಂತು, ಹೊಸ ಬ್ಲೇಡು ಬಂತು, ಮನೆಮನೆಗೆ ಹೋಗಿ ಬಸುರಿಯರನ್ನು ಎಣಿಸುವ ಆಶಾ ಕಾರ್ಯಕರ್ತೆಯರು ಬಂದರು. ಈಗಿನ ನನ್ನ ಕಿರಿಯ ವೈದ್ಯರು ಈ ರೋಗವನ್ನು ಪುಸ್ತಕದಲ್ಲಷ್ಟೇ ನೋಡಿದ್ದಾರೆ.

ನಾಯಿಕೆಮ್ಮಿನ ವಿಷಯದಲ್ಲಿ ಮಾತ್ರ ನಾವು ಅರ್ಧ ದಾರಿಯಲ್ಲಿ ನಿಂತಿದ್ದೇವೆ. ಇದರ ಲಸಿಕೆಯೂ ಸೇರಿರುವ ಪೆಂಟಾವೇಲೆಂಟಿನ ಮೊದಲ ಡೋಸ್ 6 ವಾರಕ್ಕೆ. ಅಲ್ಲಿಯವರೆಗೆ ಮಗುವಿಗೆ ತನ್ನದೆಂಬ ರಕ್ಷಣೆ ಇಲ್ಲ. ಬಾಲ್ಯದಲ್ಲಿ ಲಸಿಕೆ ಪಡೆದ ತಾಯಿಯ ಪ್ರತಿಕಾಯ ಅಷ್ಟರಲ್ಲಿ ಕರಗಿಹೋಗಿರುವುದರಿಂದ ಬುತ್ತಿಯಲ್ಲೂ ಏನಿರುವುದಿಲ್ಲ. ಕೆಲವು ವರ್ಷಗಳ ಹಿಂದೆ 35 ದಿನದ ಗಂಡುಮಗುವೊಂದನ್ನು ತಂದಿದ್ದರು. ಕೆಮ್ಮು ಅಷ್ಟೇನೂ ಇರಲಿಲ್ಲ. ನಡುನಡುವೆ ಉಸಿರು ನಿಂತು ತುಟಿ ನೀಲಿಯಾಗುತ್ತಿತ್ತು. ದೊಡ್ಡ ಮಕ್ಕಳಲ್ಲಿ ಕೇಳುವ ಆ ಉದ್ದನೆಯ ಊಳು ಇಷ್ಟು ಎಳೆಯ ಕೂಸುಗಳಲ್ಲಿ ಕೇಳದೇ ಇರಬಹುದು. ನನ್ನ ಹಿಂದೆ ನಿಂತಿದ್ದ ತಾತ ಕೆಮ್ಮುತ್ತಿದ್ದರು. ಎಷ್ಟು ದಿನದಿಂದ ಎಂದೆ. "ಮೂರು ವಾರ ಆಯ್ತು, ಧೂಳಿನ ಅಲರ್ಜಿ" ಎಂದರು. ಮಗು ಉಳಿಯಿತು. ಅದಾದ ಮೇಲೆ ಬಾಣಂತಿ ಕೋಣೆಗೆ ಕೆಮ್ಮುವವರು ಹೋಗಬಾರದು ಎಂದು ನಾನು ತುಸು ಒರಟಾಗಿಯೇ ಹೇಳುತ್ತೇನೆ.

2012ರಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮು ಎದ್ದು 14 ಶಿಶುಗಳು ಸತ್ತಾಗ, ಆ ವರ್ಷ ಅಕ್ಟೋಬರಿನಿಂದ ಗರ್ಭಿಣಿಯರಿಗೇ ಲಸಿಕೆ ಕೊಡಲು ಆರಂಭಿಸಿದರು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅದರ ಫಲ ಸುಮಾರು 91% ಎಂದು ಬಳಿಕ ಲೆಕ್ಕ ಸಿಕ್ಕಿತು. ನಮ್ಮ ಸರ್ಕಾರಿ ಪಟ್ಟಿಯಲ್ಲಿರುವ ಟಿಡಿಯಲ್ಲಿ ಧನುರ್ವಾಯು, ಗಂಟಲಮಾರಿ ಎರಡೇ. ನಾಯಿಕೆಮ್ಮಿನ ಅಂಶವೂ ಸೇರಿದ ಟಿಡ್ಯಾಪ್ ಖಾಸಗಿಯಾಗಿ ಕಾಸು ಕೊಟ್ಟು ಹಾಕಿಸಿಕೊಳ್ಳಬೇಕಾದದ್ದು. ಶಕ್ತಿ ಇದ್ದವರಿಗೆ 27ರಿಂದ 36 ವಾರದ ನಡುವೆ ಒಂದು ಟಿಡಿಯ ಜಾಗದಲ್ಲಿ ಅದನ್ನು ಹಾಕಿಸಿಕೊಳ್ಳಿ ಎನ್ನುತ್ತೇನೆ. ಶಕ್ತಿ ಇಲ್ಲದವರ ಮುಂದೆ ಆ ಮಾತೆತ್ತುವುದು ಮುಜುಗರದ ಕೆಲಸ. 6 ವಾರದ ಸೂಜಿಯನ್ನು ಒಂದು ದಿನವೂ ತಡಮಾಡಬೇಡಿ ಎನ್ನುವುದಷ್ಟೇ ಅವರಿಗೆ ನಾನು ಕೊಡಬಹುದಾದ ಸಲಹೆ.

ಫ್ಲೂ ಲಸಿಕೆಯ ಬಗ್ಗೆ ನಮ್ಮ ನೆರೆಯ ಢಾಕಾದಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ. 340 ತಾಯಂದಿರು, 2008ರಲ್ಲಿ ಪ್ರಕಟವಾಯಿತು. ಗರ್ಭಿಣಿಗೆ ಫ್ಲೂ ಲಸಿಕೆ ಹಾಕಿದಾಗ ಮಕ್ಕಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ 63% ಕಡಿಮೆಯಾಯಿತು. ಕೊಲಂಬಿಯಾದಲ್ಲಿ ಬರೀ ಹೋಲಿಕೆಗೆಂದು ಚುಚ್ಚಿದ್ದ ಲಸಿಕೆಗೆ ನಲವತ್ತು ವರ್ಷದ ಮೇಲೆ ಇಲ್ಲಿ ನಾಯಕನ ಪಾತ್ರ ಸಿಕ್ಕಿತು.

ರುಬೆಲ್ಲಾ ಈ ಸಾಲಿನಲ್ಲಿ ವಿಚಿತ್ರದ್ದು. ಬಸುರಿಗೆ ಅದು ತಗಲಿದರೆ ಮಗು ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆಯೊಂದಿಗೆ ಹುಟ್ಟಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಈ ನಂಟನ್ನು ಮೊದಲು ಗುರುತಿಸಿದರು. ಆದರೆ ಇದು ಜೀವಂತ ಲಸಿಕೆಯಾದ್ದರಿಂದ ಬಸುರಿಯರಿಗೆ ಹಾಕುವಂತಿಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ "ನಮ್ಮ ಹುಡುಗಿಗೆ ಹತ್ತು ವರ್ಷ, ಆಗಲೇ ದಡಾರದ್ದು ಆಗಿದೆ, ಮತ್ತೆ ಯಾಕೆ?" ಎಂದು ಶಾಲೆಗಳಲ್ಲಿ ಜಗಳವೇ ಆಯಿತು. ವಾಟ್ಸಾಪ್ ಅದಕ್ಕೆ ತುಪ್ಪ ಸುರಿಯಿತು. ಆ ಸೂಜಿ ಬಿದ್ದದ್ದು ಅವಳು ಮುಂದೆ ಎಂದೋ ಹೆರಬಹುದಾದ ಮಗುವಿಗಾಗಿ ಕೂಡ ಎಂದು ಹತ್ತು ವರ್ಷದ ಹುಡುಗಿಯ ಅಪ್ಪನಿಗೆ ವಿವರಿಸುವುದು ಸುಲಭವಲ್ಲ. ನಾನು ಸೋತದ್ದೂ ಉಂಟು.

ಇನ್ನು ದಿನ ತುಂಬದೆ ಹುಟ್ಟಿದ ಮಕ್ಕಳು. ಮಾಸು ಬುತ್ತಿ ಕಟ್ಟುವುದೇ ಕೊನೆಯ ತಿಂಗಳುಗಳಲ್ಲಿ ಎಂದೆನಲ್ಲ, 30 ವಾರಕ್ಕೆ ಹುಟ್ಟಿದ ಮಗು ಹೆಚ್ಚುಕಡಿಮೆ ಬರಿಗೈಯಲ್ಲಿ ಬಂದಿರುತ್ತದೆ. ಅದಕ್ಕೆ ಲಸಿಕೆ ತಡವಾಗಬಾರದು. ಮನೆಯವರು ಮಾಡುವುದು ಇದಕ್ಕೆ ಉಲ್ಟಾ. "ಇನ್ನೂ ಎರಡೂವರೆ ಕೆಜಿ ಇದೆ, ಸ್ವಲ್ಪ ಮೈ ತುಂಬಲಿ" ಎಂದು ಎರಡು ತಿಂಗಳು ಮುಂದಕ್ಕೆ ಹಾಕುತ್ತಾರೆ. ಕೆಲವು ಕಡೆ ಲಸಿಕೆ ಹಾಕುವವರೂ ತಲೆಯಾಡಿಸಿ ಕಳಿಸುತ್ತಾರೆ. ಮಗು ಆರೋಗ್ಯವಾಗಿ ಮನೆಯಲ್ಲಿದ್ದರೆ ಪೆಂಟಾವೇಲೆಂಟಿನ ಲೆಕ್ಕ ಹುಟ್ಟಿದ ದಿನದಿಂದಲೇ. ಹೆರಿಗೆಗೆ ಡಾಕ್ಟರು ಮೊದಲು ಕೊಟ್ಟಿದ್ದ ತಾರೀಖನ್ನು ಇಲ್ಲಿ ಮರೆತುಬಿಡಿ. ಕಾರ್ಡಿನ ಮೇಲೆ ಹುಟ್ಟಿದ ದಿನಾಂಕ ಬರೆದಿರುತ್ತದೆ. ಅಲ್ಲಿಂದ ಆರು ವಾರ ಎಣಿಸಿ, ಆಮೇಲೆ ಬರುವ ಮೊದಲ ಲಸಿಕೆಯ ದಿನವೇ ಹೋಗಿ.