ಮಾನವ ಸೇವೆಗಳ ಅಧ್ಯಯನ: ನೆರವಾಗುವುದಕ್ಕೂ ನಿರ್ಧರಿಸುವುದಕ್ಕೂ ನಡುವಿನ ಗೆರೆ

ಸಮಾಜಕಾರ್ಯ, ಆಪ್ತಸಮಾಲೋಚನೆ, ಪುನರ್ವಸತಿ, ಮಕ್ಕಳ ರಕ್ಷಣೆ, ವೃದ್ಧರ ಆರೈಕೆ, ವ್ಯಸನಮುಕ್ತಿ ಮೊದಲಾದ ಕ್ಷೇತ್ರಗಳಲ್ಲಿ ದುಡಿಯಬಯಸುವವರಿಗೆ ಬೇಕಾದ ತಳಹದಿಯನ್ನು ಮಾನವ ಸೇವೆಗಳು ಎಂಬ ಹೆಸರಿನಡಿ ಕಲಿಸಲಾಗುತ್ತದೆ. ಮನೋವಿಜ್ಞಾನ, ಸಮಾಜಶಾಸ್ತ್ರ, ಕಾನೂನು, ಆಡಳಿತ ಎಲ್ಲವೂ ಇದರಲ್ಲಿ ಸ್ವಲ್ಪ ಸ್ವಲ್ಪ ಬರುವುದರಿಂದ ಮೊದಲ ಓದಿಗೆ ಪಠ್ಯಕ್ರಮ ಚದುರಿದಂತೆ ಕಾಣುತ್ತದೆ. ಕಷ್ಟದಲ್ಲಿರುವ ವ್ಯಕ್ತಿಗೆ ನೆರವಾಗುವಾಗ ಆ ವ್ಯಕ್ತಿಯ ಬದುಕಿನ ತೀರ್ಮಾನಗಳನ್ನು ನಾವೇ ಕೈಗೆ ತೆಗೆದುಕೊಳ್ಳದಿರುವುದು ಹೇಗೆ ಎಂಬ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಮಾತ್ರ ಈ ಭಾಗಗಳೆಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ನಾನು ನಂಬಿದ್ದೇನೆ. ಈ ಟಿಪ್ಪಣಿಯನ್ನು ಅದೇ ಪ್ರಶ್ನೆಯ ಸುತ್ತ ಬರೆದಿದ್ದೇನೆ.

ಹಿನ್ನೆಲೆ

ಈ ಪ್ರಶ್ನೆ ಹೊಸದಲ್ಲ. 1869ರಲ್ಲಿ ಲಂಡನ್ನಿನಲ್ಲಿ ಆರಂಭವಾದ ದಾನ ಸಂಘಟನಾ ಸಂಘವು ಸ್ವಯಂಸೇವಕರನ್ನು ಬಡವರ ಮನೆಗಳಿಗೆ ಕಳುಹಿಸಿ ವಿಚಾರಣೆ ನಡೆಸುತ್ತಿತ್ತು. ಯಾರು ನೆರವಿಗೆ ಅರ್ಹರು, ಯಾರು ಅಲ್ಲ ಎಂದು ವಿಂಗಡಿಸುವ ಅಧಿಕಾರ ಸಂಪೂರ್ಣವಾಗಿ ನೆರವು ಕೊಡುವವರ ಕಡೆಗಿತ್ತು. 1884ರಲ್ಲಿ ಅದೇ ನಗರದಲ್ಲಿ ತೆರೆದ ಟಾಯ್ನ್‌ಬಿ ಹಾಲ್ ಮತ್ತು ಅದರಿಂದ ಪ್ರೇರಣೆ ಪಡೆದು 1889ರಲ್ಲಿ ಜೇನ್ ಆಡಮ್ಸ್ ಹಾಗೂ ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ ಸ್ಥಾಪಿಸಿದ ಹಲ್ ಹೌಸ್ ಬೇರೆಯದೇ ದಾರಿ ಹಿಡಿದವು: ಕಾರ್ಯಕರ್ತರು ಬಡವರು ವಾಸಿಸುವ ಕೇರಿಗಳಲ್ಲೇ ನೆಲೆಸಿ, ಅಲ್ಲಿನ ವಸತಿ, ನೈರ್ಮಲ್ಯ ಮತ್ತು ದುಡಿಮೆಯ ಸ್ಥಿತಿಗತಿಗಳನ್ನು ಬದಲಿಸಲು ನೆರೆಹೊರೆಯವರೊಂದಿಗೆ ಸೇರಿ ಶ್ರಮಿಸಿದರು. ಮೊದಲನೆಯ ಪರಂಪರೆಯಿಂದ ವ್ಯಕ್ತಿಯೊಬ್ಬರ ಪರಿಸ್ಥಿತಿಯನ್ನು ಕ್ರಮಬದ್ಧವಾಗಿ ತಿಳಿಯುವ ವಿಧಾನ ಬೆಳೆಯಿತು. 1917ರಲ್ಲಿ ಮೇರಿ ರಿಚ್ಮಂಡ್ ಅದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಎರಡನೆಯದರಿಂದ ಸಮುದಾಯ ಸಂಘಟನೆ ಮತ್ತು ನೀತಿ ಸುಧಾರಣೆಯ ದಾರಿಗಳು ತೆರೆದುಕೊಂಡವು. ಪರೀಕ್ಷೆಗೆ ಇಸವಿಗಳನ್ನು ನೆನಪಿಟ್ಟುಕೊಳ್ಳುವುದಕ್ಕಿಂತ, ಇಂದಿನ ಯಾವ ಪದ್ಧತಿ ಈ ಎರಡರಲ್ಲಿ ಯಾವುದರ ಗುಣವನ್ನು ಹೊತ್ತು ತಂದಿದೆ ಎಂದು ಗುರುತಿಸಲು ಕಲಿಯುವುದು ಹೆಚ್ಚು ಉಪಯುಕ್ತ.

ಮಾನವ ಸೇವೆಗಳು ಪ್ರತ್ಯೇಕ ಅಧ್ಯಯನವಾಗಿ ರೂಪುಗೊಂಡದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿ 1963ರ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಯು ದೊಡ್ಡ ಮಾನಸಿಕ ಆಸ್ಪತ್ರೆಗಳ ಬದಲು ಜನವಸತಿಗಳ ನಡುವೆಯೇ ಕೇಂದ್ರಗಳನ್ನು ತೆರೆಯಲು ನೆರವು ಒದಗಿಸಿತು. ಆ ಕೇಂದ್ರಗಳಿಗೆ ಬೇಕಾದಷ್ಟು ವೈದ್ಯರೂ ಮನೋವಿಜ್ಞಾನಿಗಳೂ ಇರಲಿಲ್ಲ. ಹೀಗಾಗಿ ಒಂದೇ ವಿಷಯದಲ್ಲಿ ಪರಿಣತಿ ಪಡೆಯದೆ, ಒಬ್ಬ ವ್ಯಕ್ತಿಯ ಹಲವು ಬಗೆಯ ಅಗತ್ಯಗಳನ್ನು ಒಟ್ಟಾಗಿ ನೋಡಬಲ್ಲ ಕಾರ್ಯಕರ್ತರನ್ನು ತರಬೇತುಗೊಳಿಸುವ ಕೋರ್ಸುಗಳು ಹುಟ್ಟಿಕೊಂಡವು. ಸೌಲಭ್ಯಗಳೊಂದಿಗೆ ಸಂಪರ್ಕ ಕಲ್ಪಿಸುವುದು, ಸೇವಾರ್ಥಿಯ (ನೆರವು ಪಡೆಯುವ ವ್ಯಕ್ತಿಯ) ಪರವಾಗಿ ವಾದಿಸುವುದು, ಕಲಿಸುವುದು, ಆರೈಕೆ ಮಾಡುವುದು, ಜನರನ್ನು ಸಂಘಟಿಸುವುದು, ಮಾಹಿತಿಯನ್ನು ನಿರ್ವಹಿಸುವುದು ಮುಂತಾದ ಪಾತ್ರಗಳನ್ನು ಇಂದಿಗೂ ಪಠ್ಯಗಳಲ್ಲಿ ಓದುತ್ತೇವೆ.

ವ್ಯಕ್ತಿ ಮತ್ತು ಪರಿಸರ

ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ವಿವರವಾಗಿ ಮಂಡಿಸಿದ, ವ್ಯಕ್ತಿಯನ್ನು ಅವರ ಸುತ್ತಲಿನ ವಲಯಗಳೊಂದಿಗೆ ಸೇರಿಸಿ ನೋಡುವ ಪರಿಸರ ಸಿದ್ಧಾಂತವನ್ನು ಒಂದು ಉದಾಹರಣೆಯೊಂದಿಗೆ ಓದಿದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಶಾಲೆಗೆ ಪದೇಪದೇ ಗೈರುಹಾಜರಾಗುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಮನೆ, ತರಗತಿ ಮತ್ತು ಗೆಳೆಯರು ಅವನ ಅತಿ ಹತ್ತಿರದ ವಲಯ. ಮನೆಗೂ ಶಾಲೆಗೂ ಮಾತುಕತೆ ಇದೆಯೇ ಇಲ್ಲವೇ ಎಂಬುದು ಎರಡನೆಯ ವಲಯ. ಅವನ ತಾಯಿಗೆ ಇತ್ತೀಚೆಗೆ ರಾತ್ರಿ ಪಾಳಿ ಬಂದಿದ್ದರೆ, ಆ ಕಾರ್ಖಾನೆಗೆ ಅವನು ಎಂದೂ ಕಾಲಿಡದಿದ್ದರೂ ಅಲ್ಲಿನ ತೀರ್ಮಾನವು ಅವನ ಬೆಳಗನ್ನು ಬದಲಿಸುತ್ತದೆ. ಇದು ಮೂರನೆಯ ವಲಯ. ಕಾನೂನು, ಆರ್ಥಿಕ ವ್ಯವಸ್ಥೆ ಮತ್ತು ನಂಬಿಕೆಗಳು ಎಲ್ಲಕ್ಕಿಂತ ಹೊರಗಿನವು. ಇಷ್ಟನ್ನು ನೋಡಿದ ಮೇಲೆ, ಹುಡುಗ ಸೋಮಾರಿ ಎಂಬ ವಿವರಣೆಯನ್ನು ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ.

ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಇಕೋಮ್ಯಾಪ್ ಇದೇ ನೋಟವನ್ನು ಕಾಗದದ ಮೇಲೆ ತರುವ ಸಾಧನ. ನಡುವಿನ ವೃತ್ತದಲ್ಲಿ ವ್ಯಕ್ತಿ ಅಥವಾ ಕುಟುಂಬವನ್ನು ಬರೆದು, ಸುತ್ತಲಿನ ವೃತ್ತಗಳಲ್ಲಿ ಬಂಧುಗಳು, ಉದ್ಯೋಗ, ಆಸ್ಪತ್ರೆ, ಶಾಲೆ ಮುಂತಾದವನ್ನು ಗುರುತಿಸಬೇಕು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆಯನ್ನೂ ದುರ್ಬಲ ಸಂಬಂಧಕ್ಕೆ ತುಂಡು ಗೆರೆಯನ್ನೂ ಒತ್ತಡದ ಸಂಬಂಧಕ್ಕೆ ಅಡ್ಡಗೀಟುಗಳಿರುವ ಗೆರೆಯನ್ನೂ ಎಳೆದು, ಶಕ್ತಿ ಮತ್ತು ಸಂಪನ್ಮೂಲ ಯಾವ ಕಡೆಗೆ ಹರಿಯುತ್ತಿವೆ ಎಂಬುದನ್ನು ಬಾಣಗಳಿಂದ ತೋರಿಸಬೇಕು. ಇದನ್ನು ಸೇವಾರ್ಥಿ ಹೋದ ನಂತರ ಕುಳಿತು ಬರೆಯದೆ, ಅವರ ಎದುರಿಗೆ, ಸಾಧ್ಯವಾದರೆ ಅವರ ಕೈಯಿಂದಲೇ ಬರೆಸಬೇಕು. ನಾವು ಆಸರೆ ಎಂದು ಭಾವಿಸಿದ ಸಂಬಂಧಕ್ಕೆ ಅವರು ಅಡ್ಡಗೀಟು ಹಾಕುವ ಸಾಧ್ಯತೆ ಯಾವಾಗಲೂ ಇರುತ್ತದೆ, ಮತ್ತು ಆಗ ಅವರ ಗೆರೆಯೇ ಸರಿ.

ಸಂದರ್ಶನ

ಪಠ್ಯಕ್ರಮದಲ್ಲಿ ಅತಿ ಹೆಚ್ಚು ಅಭ್ಯಾಸ ಬೇಡುವ ಭಾಗ ಇದು. ಮಾತುಕತೆಯ ಮೂಲಕ ವ್ಯಕ್ತಿಯಲ್ಲಿ ಬದಲಾವಣೆ ಆಗಬೇಕಾದರೆ ಏನಿರಬೇಕು ಎಂದು 1957ರಲ್ಲಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಮಂಡಿಸಿದ ಆರು ಷರತ್ತುಗಳಲ್ಲಿ ಮೂರು ಈ ಕ್ಷೇತ್ರದಲ್ಲಿ ಎಲ್ಲೆಡೆ ಬಳಕೆಯಲ್ಲಿವೆ: ನೆರವು ನೀಡುವವರ ಪ್ರಾಮಾಣಿಕತೆ, ಷರತ್ತಿಲ್ಲದ ಗೌರವ ಮತ್ತು ಪರಾನುಭೂತಿ. ಪರಾನುಭೂತಿ ಎಂದರೆ ಎದುರಿನವರ ದುಃಖಕ್ಕೆ ಮರುಗುವುದಷ್ಟೇ ಅಲ್ಲ. ಅವರಿಗೆ ಜಗತ್ತು ಹೇಗೆ ಕಾಣುತ್ತಿದೆ ಎಂಬುದನ್ನು ಗ್ರಹಿಸಿ, ನಮ್ಮ ಗ್ರಹಿಕೆ ಸರಿಯೇ ಎಂದು ಅವರನ್ನೇ ಕೇಳಿ ತಿಳಿಯುವ ಕೆಲಸ ಅದು. ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವ ಒಬ್ಬರು, “ಎಲ್ಲಾ ಕಡೆ ಅರ್ಜಿ ಕೊಟ್ಟಾಯಿತು, ಇನ್ನು ಏನು ಮಾಡಿದರೂ ಅಷ್ಟೇ” ಎಂದಾಗ, “ಚಿಂತಿಸಬೇಡಿ, ಎಲ್ಲ ಸರಿಹೋಗುತ್ತದೆ” ಎನ್ನುವುದು ಸೌಜನ್ಯದ ಮಾತಾದರೂ ಸಂಭಾಷಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. “ಇಷ್ಟು ಓಡಾಡಿದರೂ ಯಾರೂ ಕಿವಿಗೊಡಲಿಲ್ಲ ಎಂದು ಅನಿಸುತ್ತಿದೆಯೇ?” ಎಂದರೆ ಅವರು ಮುಂದುವರಿಯುತ್ತಾರೆ, ಅಥವಾ “ಹಾಗಲ್ಲ” ಎಂದು ನಮ್ಮನ್ನು ತಿದ್ದುತ್ತಾರೆ. ಎರಡರಿಂದಲೂ ಲಾಭವೇ ಇದೆ.

ವಿಲಿಯಂ ಮಿಲ್ಲರ್ 1983ರಲ್ಲಿ ಮದ್ಯವ್ಯಸನದ ಸಂದರ್ಭದಲ್ಲಿ ಮೊದಲು ವಿವರಿಸಿ, ನಂತರ ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಬೆಳೆಸಿದ ಪ್ರೇರಣಾ ಸಂದರ್ಶನದ ವಿಧಾನವನ್ನು ನಾನು ಇಡೀ ಅಧ್ಯಯನದ ಅತ್ಯಂತ ಮಹತ್ವದ ಪಾಠವೆಂದು ಪರಿಗಣಿಸುತ್ತೇನೆ. ಕುಡಿತ ಬಿಡಬೇಕೆಂಬ ಆಸೆಯೂ ಬಿಡಲಾರೆನೆಂಬ ಭಾವವೂ ಒಬ್ಬರಲ್ಲೇ ಒಟ್ಟಿಗೆ ಇರುತ್ತವೆ. ಕಾರ್ಯಕರ್ತರು ಬಿಡಬೇಕಾದ ಕಾರಣಗಳನ್ನೆಲ್ಲ ತಾವೇ ಹೇಳತೊಡಗಿದರೆ, ಎದುರಿನವರಿಗೆ ಉಳಿಯುವುದು ಬಿಡದಿರುವ ಪಕ್ಷದ ವಾದ ಮಾತ್ರ. ಅದನ್ನು ತಮ್ಮ ಬಾಯಿಂದಲೇ ಮತ್ತೆ ಮತ್ತೆ ಹೇಳಿ ಅವರು ಅದರಲ್ಲಿ ಗಟ್ಟಿಯಾಗುತ್ತಾರೆ. ಆದ್ದರಿಂದ ಬದಲಾವಣೆಯ ಕಾರಣಗಳು ಅವರ ಮಾತಿನಲ್ಲೇ ಹೊರಬರುವಂತೆ ಕೇಳಬೇಕು. ಬದಲಾವಣೆ ನಿಮಗೆ ಎಷ್ಟು ಮುಖ್ಯ ಎಂದು 0ಯಿಂದ 10ರ ನಡುವೆ ಹೇಳಿ ಎಂದಾಗ ಅವರು 4 ಎಂದರೆ, “ಯಾಕೆ ಇಷ್ಟು ಕಡಿಮೆ?” ಎಂದು ಕೇಳುವುದು ಸಹಜವಾಗಿ ಬಾಯಿಗೆ ಬರುತ್ತದೆ. ಕೇಳಬೇಕಾದದ್ದು “2 ಎನ್ನದೆ 4 ಎಂದಿರಲ್ಲ, ಯಾಕೆ?” ಎಂದು. ಮೊದಲನೆಯದಕ್ಕೆ ಉತ್ತರವಾಗಿ ಬದಲಾಗದಿರಲು ಕಾರಣಗಳು ಬರುತ್ತವೆ, ಎರಡನೆಯದಕ್ಕೆ ಬದಲಾಗಲು ಕಾರಣಗಳು. ಜೊತೆಗಾರರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಈ ಎರಡೂ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ದಾಖಲೆ ಬರೆಯುವುದು

ದಾಖಲಾತಿಯನ್ನು ಬೇಸರದ ಕೆಲಸವೆಂದು ವಿದ್ಯಾರ್ಥಿಗಳು ದೂರವಿಡುತ್ತಾರೆ. ಆದರೆ ಒಬ್ಬ ವ್ಯಕ್ತಿಯ ಮೇಲೆ ನಾವು ಚಲಾಯಿಸುವ ಅಧಿಕಾರದ ದೊಡ್ಡ ಪಾಲು ಅಲ್ಲೇ ಇದೆ, ಏಕೆಂದರೆ ನಾವು ಬರೆದದ್ದನ್ನು ಓದಿ ಅವರನ್ನು ಕಂಡೇ ಇರದ ಅಧಿಕಾರಿ ತೀರ್ಮಾನ ಕೈಗೊಳ್ಳಬಹುದು. ಕಂಡದ್ದು, ಕೇಳಿದ್ದು ಮತ್ತು ಊಹಿಸಿದ್ದು ಎಂಬ ಮೂರನ್ನು ಬೆರೆಸದೆ ಬರೆಯಬೇಕು. “ತಾಯಿ ಮಗುವಿನ ಬಗ್ಗೆ ನಿರ್ಲಕ್ಷ್ಯ ತೋರುತ್ತಾರೆ” ಎಂಬುದು ತೀರ್ಪು. “ಭೇಟಿಯ ಅರ್ಧ ಗಂಟೆಯಲ್ಲಿ ಮಗು ಮೂರು ಬಾರಿ ಅತ್ತಿತು, ಮೊದಲ ಎರಡು ಬಾರಿ ತಾಯಿ ಎದ್ದು ಹೋಗಲಿಲ್ಲ, ಹಿಂದಿನ ರಾತ್ರಿ ನಿದ್ರೆ ಮಾಡಿಲ್ಲವೆಂದು ತಿಳಿಸಿದರು” ಎಂಬುದು ವರದಿ. ಎರಡನೆಯದನ್ನು ಓದಿದವರು ನಿದ್ರೆಯ ಬಗ್ಗೆ ವಿಚಾರಿಸಬಹುದು. ಮೊದಲನೆಯದನ್ನು ಓದಿದವರಿಗೆ ವಿಚಾರಿಸಲು ಏನೂ ಉಳಿದಿರುವುದಿಲ್ಲ. ಲಾರೆನ್ಸ್ ವೀಡ್ 1960ರ ದಶಕದಲ್ಲಿ ವೈದ್ಯಕೀಯ ದಾಖಲೆಗಾಗಿ ರೂಪಿಸಿದ ಪದ್ಧತಿಯಿಂದ ಬಂದ ಸೋಪ್ (SOAP, ನಾಲ್ಕು ಭಾಗಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು) ಟಿಪ್ಪಣಿಯು ವ್ಯಕ್ತಿ ಹೇಳಿದ್ದು, ಕಾರ್ಯಕರ್ತರು ಗಮನಿಸಿದ್ದು, ವಿಶ್ಲೇಷಣೆ ಮತ್ತು ಮುಂದಿನ ಯೋಜನೆ ಎಂದು ನಾಲ್ಕು ಭಾಗ ಮಾಡುವುದೂ ಇದೇ ಉದ್ದೇಶಕ್ಕೆ. ಸೇವಾರ್ಥಿಯೇ ಈ ಪುಟವನ್ನು ಓದುತ್ತಾರೆ ಎಂದು ಭಾವಿಸಿ ಬರೆದರೆ ಭಾಷೆ ತಾನಾಗಿಯೇ ಹದಕ್ಕೆ ಬರುತ್ತದೆ.

ಸ್ವನಿರ್ಣಯ ಮತ್ತು ಅದರ ಎಲ್ಲೆ

ನೆರವಿನ ಸಂಬಂಧದ ಬಗ್ಗೆ ಫೆಲಿಕ್ಸ್ ಬೈಸ್ಟೆಕ್ 1957ರಲ್ಲಿ ವಿವರಿಸಿದ ಏಳು ತತ್ವಗಳಲ್ಲಿ ಸ್ವನಿರ್ಣಯವೂ (ತನ್ನ ಬದುಕಿನ ತೀರ್ಮಾನವನ್ನು ಸೇವಾರ್ಥಿ ತಾನೇ ಮಾಡುವುದು) ಗೋಪ್ಯತೆಯೂ ಸೇರಿವೆ. ಎರಡೂ ನಿರಪೇಕ್ಷವಲ್ಲ. ತನ್ನ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಗಂಭೀರ ಅಪಾಯವಿದ್ದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದಾಗ, ಮೌನ ಕಾಯುವಂತಿಲ್ಲ. 1976ರ ತರಸಾಫ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆ ಪಡೆಯುತ್ತಿರುವವರಿಂದ ಇನ್ನೊಬ್ಬರಿಗೆ ಹಿಂಸೆಯ ಗಂಭೀರ ಅಪಾಯವಿದ್ದರೆ ಆ ಇನ್ನೊಬ್ಬರನ್ನು ರಕ್ಷಿಸಲು ಸೂಕ್ತ ಎಚ್ಚರಿಕೆ ವಹಿಸುವ ಕರ್ತವ್ಯ ಚಿಕಿತ್ಸಕರಿಗಿದೆ ಎಂದು ಹೇಳಿತು. ಎಲ್ಲ ಕಡೆ ಕಾನೂನು ಒಂದೇ ರೀತಿ ಇಲ್ಲದ ಕಾರಣ, ಕೆಲಸ ಮಾಡುವ ಸ್ಥಳದ ನಿಯಮವನ್ನು ಮೊದಲೇ ಓದಿಕೊಂಡಿರಬೇಕು. ಈ ಎಲ್ಲೆಗಳನ್ನು ಮೊದಲ ಭೇಟಿಯ ಆರಂಭದಲ್ಲೇ, ವ್ಯಕ್ತಿ ಏನನ್ನೂ ಹೇಳಿಕೊಳ್ಳುವ ಮುನ್ನವೇ, ಸರಳ ಮಾತಿನಲ್ಲಿ ತಿಳಿಸಬೇಕು. ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು ನಂತರ ಮುರಿಯುವುದು, ಆ ವ್ಯಕ್ತಿ ಮುಂದೆ ಯಾರ ಬಳಿಯೂ ನೆರವು ಕೇಳದಂತೆ ಮಾಡಬಲ್ಲದು.

ಅಪಾಯವಿಲ್ಲದ, ಆದರೆ ನಮಗೆ ಒಪ್ಪಿಗೆಯಾಗದ ತೀರ್ಮಾನಗಳು ಇನ್ನೂ ಕಠಿಣ. ಒಂಟಿಯಾಗಿ ವಾಸಿಸುವ ವೃದ್ಧೆಯೊಬ್ಬರು ಆರೈಕೆ ಗೃಹ ಬೇಡವೆಂದರೆ, ಪರಿಣಾಮಗಳನ್ನು ಅರಿಯುವ ಸಾಮರ್ಥ್ಯ ಅವರಿಗಿರುವ ತನಕ ಆ ಮಾತೇ ಅಂತಿಮ. ಮನೆಯಲ್ಲಿನ ಅವರ ಬದುಕನ್ನು ಹೆಚ್ಚು ಸುರಕ್ಷಿತವಾಗಿಸುವುದು ಆಗ ನಮ್ಮ ಕೆಲಸವಾಗುತ್ತದೆ.

ಕಾರ್ಯಕರ್ತರ ಬಳಲಿಕೆಯ ಕುರಿತು ಚಿಕ್ಕದಾಗಿ ಹೇಳಬೇಕು. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಮಾಪನವು ಭಾವನಾತ್ಮಕ ನಿತ್ರಾಣ, ಸೇವಾರ್ಥಿಗಳನ್ನು ವ್ಯಕ್ತಿಗಳಂತೆ ಕಾಣದಿರುವುದು ಮತ್ತು ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ಭಾವ ಎಂಬ ಮೂರು ಮುಖಗಳನ್ನು ಅಳೆಯುತ್ತದೆ. ವಿಶ್ರಾಂತಿ ಮತ್ತು ವ್ಯಾಯಾಮದ ಸಲಹೆ ಒಳ್ಳೆಯದೇ. ಆದರೆ ಒಬ್ಬರ ತಲೆಯ ಮೇಲೆ ನಿಭಾಯಿಸಲಾಗದಷ್ಟು ಪ್ರಕರಣಗಳನ್ನು ಹೊರಿಸಿ ವಿಶ್ರಾಂತಿಯ ಪಾಠ ಹೇಳುವುದು ನ್ಯಾಯವಲ್ಲ. ಕ್ಷೇತ್ರಕಾರ್ಯಕ್ಕೆ ಸಂಸ್ಥೆಯನ್ನು ಆರಿಸುವಾಗ ಅಲ್ಲಿ ನಿಯಮಿತ ಮೇಲ್ವಿಚಾರಣೆ ಸಿಗುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಿರಿ.

ಕೊನೆಗೆ, ತರಗತಿಗಳಲ್ಲಿ ಬಹುತೇಕ ಆತುರದಲ್ಲಿ ಮುಗಿದುಹೋಗುವ ಹಂತವೊಂದಿದೆ: ನೆರವಿನ ಸಂಬಂಧವನ್ನು ಮುಕ್ತಾಯಗೊಳಿಸುವುದು. ಇದರ ಪಾತ್ರಾಭಿನಯವನ್ನೂ ಮೊದಲ ಭೇಟಿಯ ಅಭಿನಯದಷ್ಟೇ ಶ್ರದ್ಧೆಯಿಂದ ಮಾಡಬೇಕು. ಭೇಟಿಗಳು ಯಾವಾಗ ಮುಗಿಯುತ್ತವೆ ಎಂಬುದನ್ನು ಹಲವು ವಾರ ಮುಂಚೆಯೇ ಪ್ರಸ್ತಾಪಿಸಿ, ಆರಂಭದಲ್ಲಿ ಒಟ್ಟಾಗಿ ಬರೆದ ಗುರಿಗಳನ್ನು ಮತ್ತೆ ತೆರೆದು, ಯಾವುದು ಈಡೇರಿತು, ಅದಕ್ಕಾಗಿ ತಾವು ಏನೇನು ಮಾಡಿದರು ಎಂಬುದನ್ನು ಸೇವಾರ್ಥಿಯೇ ಹೇಳುವಂತೆ ಮಾಡಬೇಕು. ಮುಂದೆ ಅಗತ್ಯ ಬಿದ್ದರೆ ಯಾರನ್ನು, ಹೇಗೆ ಸಂಪರ್ಕಿಸಬೇಕು ಎಂಬುದನ್ನು ಬರಹದಲ್ಲಿ ಕೊಟ್ಟು, ಬೇರೆ ಸಂಸ್ಥೆಗೆ ಕಳುಹಿಸುತ್ತಿದ್ದರೆ ಅವರ ಸಮ್ಮತಿ ಪಡೆದು, ಅಲ್ಲಿ ಅವರನ್ನು ನಿಜವಾಗಿಯೂ ಬರಮಾಡಿಕೊಂಡರೇ ಎಂದು ಖಚಿತಪಡಿಸಿಕೊಂಡ ನಂತರವೇ ಕಡತವನ್ನು ಮುಚ್ಚಬೇಕು.