ಚಿನ್ನ ಲೇಪಿಸಿದ ಮೇಲೆ ಕಾಣುವುದು ಹರಳೋ, ಚಿನ್ನವೋ?

ಪ್ರಶ್ನೆ: ನಾನು ಮಂಡ್ಯದವಳು, ಭೂವಿಜ್ಞಾನದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಖನಿಜದ ಹರಳನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ಎಸ್‌ಇಎಂನಲ್ಲಿ, ನೋಡುವ ಮೊದಲು ಚಿನ್ನ ಲೇಪಿಸುತ್ತಾರೆ. ಹಾಗಾದರೆ ನಾವು ನೋಡುವುದು ಹರಳನ್ನೋ, ಅದರ ಮೇಲಿನ ಚಿನ್ನವನ್ನೋ?

ಉತ್ತರ: ಬಹುಪಾಲು ಚಿನ್ನವನ್ನೇ, ಆದರೆ ಆಕಾರ ಹರಳಿನದು. ಮೈಸೂರು ಶೈಲಿಯ ಚಿತ್ರವನ್ನು ಹತ್ತಿರದಿಂದ ನೋಡಿದ್ದರೆ ಇದು ಬೇಗ ಮನದಟ್ಟಾಗುತ್ತದೆ. ದೇವಿಯ ಒಡವೆಗೆ, ಸೀರೆಯಂಚಿಗೆ ಕಲಾವಿದರು ಮೊದಲು ಗೆಸ್ಸೊ ಎಂಬ ಅಂಟಿನ ಕಲಸದಿಂದ ನವಿರಾದ ಉಬ್ಬುಗೆರೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಹೊಳೆಯುವುದು ಚಿನ್ನ, ಕಾಣುವ ಕುಸುರಿ ಗೆಸ್ಸೊದ್ದು. ಹರಳಿನ ಮೇಲಿನ ಲೇಪ ಆ ರೇಕಿಗಿಂತಲೂ ಬಹಳ ತೆಳು, ಸುಮಾರು 10 ನ್ಯಾನೊಮೀಟರ್. ಒಂದೇ ಒಂದು ಗ್ರಾಂ ಚಿನ್ನವನ್ನು ಅಷ್ಟು ತೆಳುವಾಗಿ ಹರಡಿದರೆ 5 ಚದರ ಮೀಟರ್ ನೆಲ ಮುಚ್ಚೀತು. ಐವತ್ತು ಸಾವಿರ ಪಟ್ಟು ದೊಡ್ಡದು ಮಾಡಿ ನೋಡುವಾಗ ಮಾತ್ರ ಚಿನ್ನದ ಕಣಗಳೇ ಕಣ್ಣಿಗೆ ಬೀಳತೊಡಗುತ್ತವೆ; ಅಂಥ ಕೆಲಸಕ್ಕೆ ಪ್ಲಾಟಿನಂ ಇಲ್ಲವೇ ಇರಿಡಿಯಂ ಒಳ್ಳೆಯದು.

ಲೇಪ ಬೇಕಾಗುವುದು ವಿದ್ಯುತ್ತಿನ ಕಾರಣಕ್ಕೆ. ಎಸ್‌ಇಎಂ ಹಾಯಿಸುವ ಎಲೆಕ್ಟ್ರಾನ್ ಕಿರಣದಿಂದ ಹರಳಿನ ಮೇಲೆ ಬಿದ್ದ ಎಲೆಕ್ಟ್ರಾನ್‌ಗಳಿಗೆ ಹರಿದುಹೋಗಲು ದಾರಿ ಇರಬೇಕು. ಬೆಣಚುಕಲ್ಲು, ಕ್ಯಾಲ್ಸೈಟ್, ಫೆಲ್ಡ್‌ಸ್ಪಾರ್ ಆ ದಾರಿ ಕೊಡುವುದಿಲ್ಲ. ವಿದ್ಯುದಾವೇಶ ಅಲ್ಲಲ್ಲೇ ಕೂಡಿಕೊಂಡು ಚಿತ್ರದಲ್ಲಿ ಬಿಳಿ ಗೆರೆಗಳು ಏಳುತ್ತವೆ, ಅಂಚುಗಳು ಉರಿದಂತೆ ಕಾಣುತ್ತವೆ, ಕೆಲವೊಮ್ಮೆ ಇಡೀ ಚಿತ್ರವೇ ಜಾರುತ್ತದೆ.

ಹಾಗೆಂದು ಕೈಗೆ ಸಿಕ್ಕಿದ ಹರಳಿಗೆಲ್ಲ ಚಿನ್ನ ಹಾಕಿಸಬೇಡಿ. ಒಮ್ಮೆ ನಾನು ಪೈರೈಟ್ ಹರಳಿಗೆ ಚಿನ್ನ ಹಾಕಿಸಿ, ಆಮೇಲೆ ಅದರಲ್ಲಿನ ಗಂಧಕವನ್ನು ಇಡಿಎಸ್‌ನಲ್ಲಿ, ಅಂದರೆ ಹರಳಿನಿಂದ ಹೊಮ್ಮುವ ಎಕ್ಸ್ ಕಿರಣ ನೋಡಿ ಧಾತು ಗುರುತಿಸುವ ಸಾಧನದಲ್ಲಿ, ಅಳೆಯಲು ಕುಳಿತೆ. ಚಿನ್ನದ ಎಕ್ಸ್ ಕಿರಣದ ಶಿಖರ 2.12 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಗಂಧಕದ್ದು 2.31ರಲ್ಲಿ. ಎರಡೂ ಒಂದರ ಮಗ್ಗುಲಿಗೆ ಇನ್ನೊಂದು ಬೆಸೆದುಕೊಂಡಿದ್ದವು. ಪೈರೈಟ್ ತಾನಾಗಿಯೇ ವಿದ್ಯುತ್ ಹರಿಯಗೊಡುವ ಖನಿಜ, ಅದಕ್ಕೆ ಲೇಪವೇ ಬೇಕಿರಲಿಲ್ಲ. ಹರಳಿನ ಚೆಲುವು ನೋಡಬೇಕೋ, ಅದರಲ್ಲಿ ಏನಿದೆ ಎಂದು ತಿಳಿಯಬೇಕೋ ಎನ್ನುವುದನ್ನು ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ತೀರ್ಮಾನಿಸಿ. ಧಾತುಗಳನ್ನು ಅಳೆಯುವುದಾದರೆ ಇಂಗಾಲದ ಲೇಪವೇ ಸರಿ. ನಿಖರ ಅಳತೆಗೆ ನುಣುಪಾದ ಮೈಯೂ ಬೇಕು: ಮೈಸೂರಿನ ದಕ್ಷಿಣಕ್ಕಿರುವ ಸಿಂಧುವಳ್ಳಿಯ ಕ್ರೋಮೈಟ್ ಕಲ್ಲಾದರೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಹುದುಗಿಸಿ, ವಜ್ರದ ಪೇಸ್ಟ್‌ನಿಂದ 1 ಮೈಕ್ರಾನ್‌ವರೆಗೆ ಉಜ್ಜಿ ಹೊಳಪು ಕೊಡುತ್ತಾರೆ.

ತೊಳೆಯುವ ವಿಚಾರದಲ್ಲಿ ನಿಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ನಾಲೆ ನೀರಿನ ಗದ್ದೆಗಳಲ್ಲಿ ಚೌಳು ಎದ್ದಿರುವ ಕಡೆ ಬೇಸಿಗೆಯಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದರೊಳಗಿನ ಲವಣದ ಹರಳುಗಳನ್ನು ನೋಡುವ ಆಸೆಯಿಂದ ಮಣ್ಣು ಹೋಗಲೆಂದು ನೀರಿನಲ್ಲಿ ಜಾಲಿಸಿದರೆ ಹರಳೇ ಕರಗಿಹೋಗುತ್ತದೆ. ನೀರಿನಂಶವಿಲ್ಲದ ಆಲ್ಕೋಹಾಲ್ ಅಥವಾ ಅಸಿಟೋನ್ ಬಳಸಿ. ಬೆಣಚಿನಂಥ ಗಟ್ಟಿ ಹರಳಿಗೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಒಂದೆರಡು ನಿಮಿಷ ಸಾಕು. ಜಿಪ್ಸಂ, ಸೂಜಿಯಂಥ ಜಿಯೋಲೈಟ್ ಆ ನಡುಕಕ್ಕೆ ಸೀಳಿ ಮುರಿಯುತ್ತವೆ. ಅವಕ್ಕೆ ರಬ್ಬರ್ ಬುರುಡೆಯಿಂದ ಗಾಳಿ ಊದಿದರೆ ಸಾಕು. ಇಂಥ ನೀರಂಶವುಳ್ಳ ಖನಿಜಗಳನ್ನು ಬಿಸಿ ಒಲೆಯಲ್ಲಿ ಒಣಗಿಸಲೂ ಬಾರದು. ಎಸ್‌ಇಎಂ ಒಳಗಿನ ನಿರ್ವಾತದಲ್ಲಿ, ಎಲೆಕ್ಟ್ರಾನ್ ಕಿರಣದ ಬಿಸಿಗೆ ಅವು ಮತ್ತಷ್ಟು ನೀರು ಬಿಟ್ಟು ಬಿರುಕು ಬಿಡುತ್ತವೆ. ಆ ಬಿರುಕನ್ನು ನಿಸರ್ಗದ್ದೆಂದು ಬರೆದುಬಿಟ್ಟರೆ ಪ್ರಬಂಧವೇ ತಪ್ಪಾಗುತ್ತದೆ. ಹೋಲಿಕೆಗೆಂದು ಲೇಪಕ್ಕೆ ಮೊದಲೇ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಅಂಟಿಸುವ ಕೆಲಸ ನನಗೆ ಬಹಳ ಪ್ರಿಯ. ಹರಳು ಕೂರಿಸಲು ಅಂಗಿ ಗುಂಡಿಯಷ್ಟಗಲದ ಅಲ್ಯೂಮಿನಿಯಂ ಪೀಠ, ಅಂದರೆ ಸ್ಟಬ್, ಅದರ ಮೇಲೆ ಎರಡೂ ಕಡೆ ಅಂಟಿರುವ ಕಪ್ಪು ಕಾರ್ಬನ್ ಟೇಪು. ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಬೆರಳಿನ ಜಿಡ್ಡು ನಿರ್ವಾತದಲ್ಲಿ ಆವಿಯಾಗಿ, ಕಿರಣ ಹಾಯ್ದ ಕಡೆ ಕಪ್ಪು ಚೌಕವಾಗಿ ಕೂರುತ್ತದೆ. ಚಿಮುಟದಿಂದ ಹಿಡಿದರೆ ಸಣ್ಣ ಹರಳು ಚಿಮ್ಮಿ ಹೋಗುತ್ತದೆ, ಹುಡುಕಿದರೂ ಸಿಗದು. ತುದಿ ತುಸು ಒದ್ದೆ ಮಾಡಿದ ಸಣ್ಣ ಕುಂಚಕ್ಕೆ ಅದು ತಾನಾಗಿ ಅಂಟುತ್ತದೆ. ಟೇಪಿಗೆ ತಾಗಿಸಿದರೆ ಅಲ್ಲಿ ನಿಲ್ಲುತ್ತದೆ. ದಪ್ಪ ಹರಳಾದರೆ ಇಷ್ಟಕ್ಕೇ ಮುಗಿಯಲಿಲ್ಲ. ಅದರ ಬುಡದ ನೆರಳಿಗೆ ಚಿನ್ನ ತಲುಪದೆ ಮೇಲಿನ ಲೇಪಕ್ಕೂ ಸ್ಟಬ್ಬಿಗೂ ನಂಟು ತಪ್ಪಿರುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಬೆಳ್ಳಿಯ ಪೇಂಟ್ ಅದ್ದಿ, ಹರಳಿನ ಒಂದು ಮಗ್ಗುಲಿನಿಂದ ಸ್ಟಬ್ಬಿನವರೆಗೆ ಸಣ್ಣ ಸೇತುವೆ ಎಳೆಯಿರಿ. ನೋಡಬೇಕಾದ ಮುಖಕ್ಕೆ ಅದು ಏರದಿರಲಿ. ಪೂರ್ತಿ ಒಣಗಿದ ಮೇಲಷ್ಟೇ ಲೇಪಕ್ಕೆ ಕೊಡಿ.

ಕೊನೆಯದಾಗಿ, ಮಂಡ್ಯದವರೆಂದು ಹೇಳಿದ್ದೀರಿ, ಆದ್ದರಿಂದ ಇದನ್ನೂ ಹೇಳುತ್ತೇನೆ. ನಿಮ್ಮ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ಕೊಟ್ಟಿದೆ. ಲಿಥಿಯಂ ಹೊತ್ತ ಸ್ಪೋಡುಮಿನ್ ಹರಳನ್ನು ಎಷ್ಟೇ ಚೆನ್ನಾಗಿ ಸಿದ್ಧಪಡಿಸಿಟ್ಟರೂ ಸಾಮಾನ್ಯ ಇಡಿಎಸ್‌ನಲ್ಲಿ ಕಾಣುವುದು ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಮಾತ್ರ. ಲಿಥಿಯಂನ ಎಕ್ಸ್ ಕಿರಣ ತೀರಾ ದುರ್ಬಲ, 0.054 ಕಿಲೋ ಎಲೆಕ್ಟ್ರಾನ್ ವೋಲ್ಟ್. ಶೋಧಕದ ಕಿಟಕಿಯನ್ನೇ ಅದು ದಾಟಲಾರದು. ಆದ್ದರಿಂದ ಹರಳನ್ನು ಸೀಳಿ, ಒಂದು ಹೋಳನ್ನು ಲೇಪವಿಲ್ಲದೆ ಎತ್ತಿಡಿ. ಅದನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಸಿದರೆ ಲಿಥಿಯಂ ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ.